ಮೂರನೇ ಮಹಡಿಯ ನಿಧಿ ನಿಕ್ಷೇಪ

ಕ್ರಯಪತ್ರ ಬರೆಯುವವರ ಔದಾರ್ಯ ದೊಡ್ಡದು. ಬೆಂಗಳೂರಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ಕೊಂಡವನಿಗೂ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಇತ್ಯಾದಿ ಅಷ್ಟಭೋಗಗಳನ್ನು ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಲು ಬರೆದುಕೊಟ್ಟುಬಿಡುತ್ತಾರೆ. ನಿಧಿಗೆಂದು ಅಗೆದರೆ ಸಿಗುವುದು ಎರಡನೇ ಮಹಡಿಯವರ ಫ್ಯಾನು. ಜಲ ಟ್ಯಾಂಕರಿನದು, ತರು ಬಾಲ್ಕನಿಯ ತುಳಸಿ. ಪಾಷಾಣಕ್ಕೆ ಮಾತ್ರ ಮೋಸವಿಲ್ಲ, ಅಡುಗೆಮನೆ ತುಂಬ ಗ್ರಾನೈಟು.

ಇದಕ್ಕೂ ಮೊದಲು ಕ್ರಯದ ಕರಾರು. ಅಡ್ವಾನ್ಸ್ ಕೊಟ್ಟು ಸಹಿ ಹಾಕಿದ ಸಂಜೆಯೇ ನೆಂಟರಿಗೆಲ್ಲ ಫೋನು: “ಮನೆ ತಗೊಂಡ್ವಿ!” 1882ರ ಸ್ವತ್ತು ವರ್ಗಾವಣೆ ಕಾಯ್ದೆಗೆ ಈ ಸಂಭ್ರಮ ಹಿಡಿಸದು. ಬರೀ ಕರಾರಿನಿಂದ ಸ್ವತ್ತಿನಲ್ಲಿ ಹಕ್ಕು ಹುಟ್ಟುವುದಿಲ್ಲ ಎಂದು 54ನೇ ಕಲಮಿನಲ್ಲಿ ತಣ್ಣೀರು ಎರಚುತ್ತದೆ. ಅಷ್ಟರಲ್ಲಿ ಗೃಹಪ್ರವೇಶದ ಅಡುಗೆಯವರು ಗೊತ್ತಾಗಿರುತ್ತಾರೆ.

ನೋಂದಣಿಗೆ ರಾಹುಕಾಲ ತಪ್ಪಿಸಿ ಹೋದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ವರ್ ಡೌನ್. (ಪಂಚಾಂಗದವರು ಇದನ್ನೂ ಗುಣಿಸಿ ಹಾಕಿದರೆ ಪುಣ್ಯ ಬರುತ್ತದೆ.) ಸರ್ವರ್ ಎದ್ದು ಕೂರುವುದು ಸರಿಯಾಗಿ ರಾಹುಕಾಲಕ್ಕೇ. ಆಗ ಯಾರೂ ಗಡಿಯಾರ ನೋಡುವುದಿಲ್ಲ, ಎಲ್ಲರೂ ಕ್ಯಾಮೆರಾ ನೋಡುತ್ತಾರೆ. ಎಂ.ಟೆಕ್ ಓದಿದವರೂ ಅಂದು ಹೆಬ್ಬೆಟ್ಟೇ. ಸಾಕ್ಷಿಗೆಂದು ಬಂದ ಭಾವನವರ ಚಿಂತೆಯೇ ಬೇರೆ: “ದೋಸೆಗೆ ಎಲ್ಲಿಗೆ ಕರ್ಕೊಂಡ್ ಹೋಗ್ತೀರಿ?”