ಕುಕ್ಕುಟಾಂಗಣ ಮೀಮಾಂಸೆ

ಹಿತ್ತಿಲಲ್ಲಿ ಕೋಳಿ ಬಿಡುವ ಬೇಲಿಯ ಬಗ್ಗೆ ಒಂದು ಶಾಸ್ತ್ರಗ್ರಂಥವೂ ಇಲ್ಲದಿರುವುದು ನಮ್ಮ ಪಾಂಡಿತ್ಯಕ್ಕೆ ಅಂಟಿದ ಕಳಂಕ. ವಾಸ್ತುವಿನವರು ದನದ ಕೊಟ್ಟಿಗೆಗೆ ದಿಕ್ಕು ಹೇಳಿದರು, ಬಚ್ಚಲಿಗೂ ಹೇಳಿದರು. ಕೋಳಿಯ ಹತ್ತಿರ ಬರುತ್ತಲೇ ಮಡಿ ನೆನಪಾಗಿ ಪಕ್ಕಕ್ಕೆ ಸರಿದರು. ಆ ಕೊರತೆ ತುಂಬಲು ಈ ಕಿರುಗ್ರಂಥ.

ಮೊದಲು ಪೂರ್ವಪಕ್ಷ. 'ಕೋಳಿ ಕೇಳಿ ಮಸಾಲೆ ಅರೀತಾರಾ?' ಎಂಬ ಗಾದೆಯನ್ನೇ ಪ್ರಮಾಣವಾಗಿ ಹಿಡಿದ ಮಸಾಲೆವಾದಿಗಳ ಪ್ರಕಾರ ಕೋಳಿಯ ಅಭಿಪ್ರಾಯ ಅಪ್ರಸ್ತುತ. ಮಸಾಲೆಯ ಮಟ್ಟಿಗೆ ಇದನ್ನು ಒಪ್ಪೋಣ. ಬೇಲಿಯ ಮಟ್ಟಿಗೆ ಕೋಳಿಯನ್ನು ಕೇಳಲೇಬೇಕು, ಕೋಳಿಗಿಂತ ಮೊದಲು ಮುಂಗುಸಿಯನ್ನು ಕೇಳಬೇಕು ಎಂಬುದು ಸಿದ್ಧಾಂತ. ಭದ್ರತೆಯಲ್ಲಿ ಮುಂಗುಸಿಯೇ ಪ್ರಮಾಣ, ಸುಖದಲ್ಲಿ ಕೋಳಿ. ದುಡ್ಡು ಹಾಕುವ ಯಜಮಾನನಿಗೆ ಎರಡರಲ್ಲೂ ಅಧಿಕಾರವಿಲ್ಲ.

ಭದ್ರತಾ ಪ್ರಕರಣ. ಅಂಗಡಿಯವರು 'ಕೋಳಿ ಬಲೆ' ಎಂದು ಅಳೆದು ಕೊಡುವ ಆರುಮೂಲೆ ಕಣ್ಣಿನ ತೆಳು ತಂತಿ, ಹೆಸರಿಗೆ ತಕ್ಕಂತೆ ಕೋಳಿಯನ್ನು ಮಾತ್ರ ತಡೆಯುತ್ತದೆ. ನಾಯಿ ಅದನ್ನು ಹಲ್ಲಿನಲ್ಲೇ ಹರಿಯಬಲ್ಲದು. ಆದ್ದರಿಂದ ಕೆಳಗಿನ ಮೂರಡಿಗಾದರೂ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಬೇಕು. ಕೆರೆಯುವ ಪ್ರಾಣಿಗಳಿಗೆಲ್ಲ ಬೇಲಿಯ ಬುಡದಲ್ಲೇ ಕೆರೆಯುವ ಚಟ. ಎರಡಡಿ ಹಿಂದೆ ಸರಿದು ಸುರಂಗ ತೋಡೋಣ ಎಂದು ಹೊಳೆಯುವುದು ಕಡಿಮೆ. ಈ ಮಂದಬುದ್ಧಿಯನ್ನು ನಂಬಿ ಮೆಶ್ ಅನ್ನು ಒಂದಡಿ ಆಳಕ್ಕೆ ಹೂಳಬಹುದು, ಇಲ್ಲವೇ ಹೊರಮುಖವಾಗಿ ಒಂದೂವರೆ ಅಡಿ ನೆಲಕ್ಕೆ ಹಾಸಿ ಮಣ್ಣು ಮುಚ್ಚಬಹುದು. ಮೊಟ್ಟೆಗೆಂದು ನಾಗರಹಾವು ಬಂದರೆ ಮನೆಯವರೇ ಕೈಮುಗಿದು ದಾರಿ ಬಿಡುವುದರಿಂದ ಅದು ಈ ಗ್ರಂಥದ ವ್ಯಾಪ್ತಿಗೆ ಸೇರದು.

ಮೇಲೆ ಬಲೆಯಿಲ್ಲದ ಅಂಗಳವೆಂದರೆ ಹದ್ದಿಗೆ ಎಲೆ ಹಾಕಿದಂತೆ. ಹುಂಜ ಈ ವಿಷಯದಲ್ಲಿ ಪಕ್ಕಾ ವೈಯಾಕರಣಿ: ಆಕಾಶದ ಶತ್ರುವಿಗೆ ಎಳೆದ ಸಣ್ಣ ದನಿ, ನೆಲದ ಶತ್ರುವಿಗೆ ತುಂಡುತುಂಡಾದ ಕೊಕ್ ಕೊಕ್ ಗಲಾಟೆ. ಮೊದಲನೆಯದಕ್ಕೆ ಹೇಂಟೆಗಳು ಮರೆಗೆ ಓಡಿ ಕವುಚಿಕೊಳ್ಳುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ನಿಲ್ಲುತ್ತವೆ. ಹಾಗಾಗಿ ಅಂಗಳದಲ್ಲಿ ಮರೆಯಾಗಲು ನಾಲ್ಕು ಪೊದೆ ಇರಲಿ. ತನ್ನ ಹುಂಜ ಕೂಗಿದ್ದರಿಂದಲೇ ಬೆಳಗಾಗುತ್ತದೆ ಎಂದ ಕಥೆಯ ಅಜ್ಜಿ ಅದರ ಒಂದೇ ಕೂಗನ್ನು ಅಭ್ಯಾಸ ಮಾಡಿದ್ದೇ ಆಕೆಯ ಸಂಶೋಧನೆಯ ದೋಷ.

ಸುಖ ಪ್ರಕರಣ. ಸುಖವೆಂದರೆ ಧೂಳು. ನೆರಳಿನಲ್ಲಿ, ಮಳೆ ಬೀಳದ ಕಡೆ ಒಂದು ಗುಂಡಿ. ಅದಕ್ಕೆ ಒಣಮಣ್ಣು, ಒಂದಿಷ್ಟು ಒಲೆಬೂದಿ. ಹೇಂಟೆ ಅದರಲ್ಲಿ ಮಗ್ಗುಲಾಗಿ ಬಿದ್ದು, ಒಂದು ಕಾಲು ಚಾಚಿ, ರೆಕ್ಕೆಯಿಂದ ಧೂಳು ಎರಚಿಕೊಂಡು, ಅರೆಗಣ್ಣು ಮುಚ್ಚಿ ಸತ್ತೇಹೋದಂತೆ ಮಲಗುತ್ತದೆ. ಬೇಲಿಯಾಚೆಯಿಂದ ಇಣುಕಿದ ಪಕ್ಕದ ಮನೆಯವರು ರಾಣಿಖೇತ್ ರೋಗವೆಂದು ತೀರ್ಮಾನಿಸಿ, ಲಸಿಕೆ ಹಾಕಿಸಲಿಲ್ಲವೇ ಎಂದು ಬುದ್ಧಿ ಹೇಳುವುದೂ ಉಂಟು. ಅಷ್ಟರಲ್ಲಿ ಅದು ಎದ್ದು ಮೈ ಕೊಡವುತ್ತದೆ. ಧೂಳಿನೊಡನೆ ಹೇನೂ, ಅವರ ರೋಗನಿರ್ಣಯವೂ ಉದುರುತ್ತವೆ. (ಲಸಿಕೆ ಮಾತ್ರ ಹಾಕಿಸಲೇಬೇಕು.)

ಕೋಳಿಗಳಲ್ಲಿ ಸಮಾನತೆ ಇಲ್ಲ. ಯಾರು ಯಾರನ್ನು ಕುಕ್ಕಬೇಕೆಂಬ ಮೇಲುಕೀಳಿನ ಪಟ್ಟಿಯನ್ನು ನಾರ್ವೆಯ ಷೆಲ್ಡರುಪ್-ಎಬ್ಬೆ 1922ರಲ್ಲೇ ಪ್ರಕಟಿಸಿದ್ದಾರೆ; ನಮ್ಮ ಊರಿನವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ತಲಾ ಹತ್ತು ಚದರಡಿ ಜಾಗ, ದೂರದೂರ ಎರಡು ಮೇವಿನ ತಟ್ಟೆ, ಒಂದೇ ಎತ್ತರದ ಗಳ ಕೊಟ್ಟರೆ ಪಟ್ಟಿಯ ಕೊನೆಯವಳ ಹೊಟ್ಟೆಗೂ ಒಂದಿಷ್ಟು ಬೀಳುತ್ತದೆ. ನಾಟಿ ಹೇಂಟೆ ಗಳವನ್ನು ಧಿಕ್ಕರಿಸಿ ಹಲಸಿನ ಮರ ಹತ್ತೀತು. ಹೆಬ್ಬಾಳದಲ್ಲಿ ಹುಟ್ಟಿದ ಗಿರಿರಾಜನಿಗೆ ಆ ಮೈಭಾರದಲ್ಲಿ ತಗ್ಗಿನ ಗಳವೇ ಗಿರಿ.

ಉಳಿದದ್ದು ಚಿಲಕ ಪ್ರಕರಣ. ಮುಸ್ಸಂಜೆಗೆ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಅವುಗಳ ಕರ್ತವ್ಯ ಅಲ್ಲಿಗೆ ಮುಗಿಯಿತು. 'ನೀನು ಹಾಕಿರ್ತೀಯ ಅಂದ್ಕೊಂಡೆ' ಎಂದು ಯಜಮಾನರು, 'ಕೊನೇಲಿ ಆ ಕಡೆ ಹೋಗಿದ್ದು ನೀವೇ ಅಲ್ವಾ' ಎಂದು ಮನೆಯಾಕೆ. ಎರಡೂ ವಾದಕ್ಕೆ ಬಲವಾದ ಆಧಾರಗಳಿವೆ. ತೊಂದರೆಯೆಂದರೆ ಈ ಶಾಸ್ತ್ರಾರ್ಥ ನಡೆಯುವುದು ಮರುದಿನ ಬೆಳಿಗ್ಗೆ, ಪುನುಗಿನ ಬೆಕ್ಕು ತೀರ್ಪು ಕೊಟ್ಟು ಹೋದ ಮೇಲೆ.