ನೀರು ಪಳಗಿಸುವವರು

ಭದ್ರಾವತಿಯ ಕಾಗದನಗರದಲ್ಲಿ ನನ್ನ ಷಡ್ಡಕರ ಮನೆಗೆ ಮೊದಲ ಸಲ ಬಂದವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆ, “ಮೀನೆಲ್ಲಿ?” ನಡುಮನೆಯಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ, ಮೇಲೆ ದೀಪ, ಒಳಗೆ ಬುಳುಬುಳು ಗುಳ್ಳೆ. ಮೀನು ಮಾತ್ರ ಇರಲಿಲ್ಲ. ಭಾವ ಕನ್ನಡಕ ಒರೆಸುತ್ತಾ ಹೇಳುತ್ತಿದ್ದರು: “ಇನ್ನೂ ನೀರು ಪಳಗಿಲ್ಲ.”

ಪಳಗಲು ಹೆಚ್ಚುಕಡಿಮೆ 40 ದಿನ, ಬಾಣಂತನದ ಲೆಕ್ಕ. ಚಿಟಿಕೆ ಆಹಾರ ಕೊಳೆತು ಅಮೋನಿಯಾ ಆಗಬೇಕು, ಅದನ್ನೊಂದು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಬೇಕು, ಅದನ್ನಿನ್ನೊಂದು ನೈಟ್ರೇಟ್ ಮಾಡಬೇಕು. ಈ ಸಂಸಾರ ಸ್ಪಂಜಿನ ಫಿಲ್ಟರಿನಲ್ಲಿ ನೆಲೆಯೂರುವ ಮೊದಲೇ ಮೀನು ಬಿಟ್ಟರೆ ಕೊಲೆ, ಎನ್ನುತ್ತಾರೆ. ನನ್ನ ಕಡೆ ನೋಡಿಯೇ ಎನ್ನುತ್ತಾರೆ. ಶಿವಮೊಗ್ಗದ ವಿನೋಬನಗರದ ನಮ್ಮ ಮನೆಗೆ ಆರು ಏಂಜೆಲ್ ಮೀನು ತಂದು, ನಲ್ಲಿ ನೀರಿಗೆ ನೇರ ಸುರಿದವನು ನಾನೇ. ಕ್ಲೋರಿನ್ ಹೋಗಲು ನೀರನ್ನು ಒಂದು ದಿನ ತೆರೆದಿಡಬೇಕಿತ್ತು ಎಂಬುದು ಆರೂ ಮಗುಚಿಕೊಂಡ ಮೇಲೆ ಗೊತ್ತಾಯಿತು.

ಆ ಪಾಪಕ್ಕೆ ಪ್ರಾಯಶ್ಚಿತ್ತ ಇನ್ನೂ ನಡೆದಿದೆ. ಏಂಜೆಲ್ ಮೊಟ್ಟೆಯಿಡಲು ಮೆದು ನೀರು ಬೇಕು, ಪಿಎಚ್ ಏಳಕ್ಕಿಂತ ತುಸು ಕೆಳಗಿರಬೇಕು. ಭಾವನ ಮನೆಯ ಬೋರ್‌ವೆಲ್ ನೀರಿಗೆ ಸೋಪಿನ ನೊರೆಯೂ ಏಳುವುದಿಲ್ಲ. ಆದ್ದರಿಂದ ನಾನು ತುಂಗೆಯ ನೀರು ಒಯ್ಯಬೇಕು. ಅದೂ ಪಟ್ಟಣದ ಮೋರಿ ಸೇರುವ ಮುಂಚಿನದು, ಗಾಜನೂರಿನ ಕಡೆಯಿಂದ. “ಭದ್ರೆ ನಿಮ್ಮೂರಲ್ಲೇ ಹರೀತಾಳಲ್ಲ ಭಾವ?” ಎಂದು ಒಮ್ಮೆ ಕೇಳಿದೆ. “ಮೂವತ್ತೊಂದು ವರ್ಷ ಪರೀಕ್ಷೆ ಮಾಡಿದೀನಿ ಮಾರಾಯ, ಭದ್ರೆ ವಿಷಯ ನಂಗೆ ಹೇಳ್ಬೇಡ.” ಹಾಗಾದರೆ ಎರಡೂ ಸೇರುವ ಕೂಡ್ಲಿಯಿಂದಲೇ ತರೋಣವೆಂದು ತಮಾಷೆಗೆ ಹೇಳಿದ್ದಕ್ಕೆ ಎರಡು ದಿನ ಗಂಭೀರವಾಗಿ ಯೋಚಿಸಿದರು.

ಒಂದು ಭಾನುವಾರ 20 ಲೀಟರಿನ ಕ್ಯಾನು ಹೊತ್ತು ಬಸ್ಸು ಹತ್ತಿದೆ. ಏನೆಂದು ಕಂಡಕ್ಟರ್ ಕೇಳಿದ. ತುಂಗೆ ನೀರೆಂದೆ. ಲಗೇಜು ಚೀಟಿ ಹರಿಯಲು ಹೋದವನು ಕೈ ಹಿಂದೆಗೆದ. ಪಕ್ಕದ ಅಜ್ಜಿ, “ಶೃಂಗೇರಿಯಿಂದ ಬಂದ್ರಾ?” ಎಂದು ಅಂಗೈ ಚಾಚಿತು. ಮೀನಿಗೆ ಎನ್ನಲು ಬಾಯಿ ಬರಲಿಲ್ಲ. ತುಂಗಾ ಪಾನ ಎಂದು ಹಿರಿಯರು ಹೇಳಿದ್ದಾರಲ್ಲ, ಮುಚ್ಚಳದಲ್ಲಿ ಕೊಟ್ಟೆ. ಮುಂದಿನ ಸೀಟಿನವರೂ ತಿರುಗಿದರು. ಭದ್ರಾವತಿ ಬರುವಷ್ಟರಲ್ಲಿ ಎರಡು ಲೀಟರ್ ತೀರ್ಥ ಖರ್ಚಾಗಿತ್ತು. ಭಾವ ಮೂಸಿ, ಹನಿ ಬಿಟ್ಟು, ಬಣ್ಣ ನೋಡಿ, “ಕ್ಯಾನು ಸೋಪಲ್ಲಿ ತೊಳ್ದಿದೀಯ” ಎಂದು ಉಳಿದ ಹದಿನೆಂಟನ್ನೂ ತೆಂಗಿನ ಬುಡಕ್ಕೆ ಸುರಿದರು. ಮಳೆಗಾಲದಲ್ಲಿ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿ ಹೊಳೆ ಕೆಂಪಾದಾಗಷ್ಟೇ ನನಗೆ ರಜೆ.

ಅಕ್ಕನ ಗೋಳು ಬೇರೆ. ತೊಟ್ಟಿಗೆಂದು ಕಾಡುಬಾದಾಮಿ ಎಲೆ ನೆನೆಸಿಟ್ಟ ಕಂದು ನೀರನ್ನು ಚಹಾ ಎಂದು ನೆಂಟರಿಗೆ ಕೊಡುವುದೊಂದು ಬಾಕಿ. ಕರೆಂಟು ಹೋದರೆ ಭಾವ ಮೊದಲು ಏರ್ ಪಂಪಿಗೆ ಬ್ಯಾಟರಿ ಕಟ್ಟುತ್ತಾರೆ, ಆಮೇಲೆ ಮೇಣದಬತ್ತಿ.

ಕೊನೆಗೂ ನೀರು ಪಳಗಿತು, ಮೀನು ಬಂದವು. ಮೊನ್ನೆ ರಾತ್ರಿ ಫೋನು: “ಇಟ್ಟಿದೆ, ಬಾ.” ಹೋದೆ. ನಿಲ್ಲಿಸಿಟ್ಟ ಕಡಪ ಕಲ್ಲಿನ ಮೇಲೆ ಸಾಸಿವೆಯಂಥ ಮೊಟ್ಟೆಗಳ ಸಾಲು. ಎರಡು ಏಂಜೆಲ್ ರೆಕ್ಕೆಯಲ್ಲಿ ಗಾಳಿ ಬೀಸುತ್ತಿದ್ದವು. ಬೂಸಲು ಹಿಡಿದ ಬಿಳಿ ಮೊಟ್ಟೆಗಳನ್ನು ಅವೇ ಬಾಯಲ್ಲಿ ಆರಿಸುತ್ತಿದ್ದವು. ಭಾವ ಪಿಸುಗುಟ್ಟುತ್ತಿದ್ದರು, ಗದ್ದಲವಾದರೆ ತಂದೆತಾಯಿಯೇ ತಿಂದುಬಿಡುತ್ತವಂತೆ.

ತೊಟ್ಟಿಯ ಪಕ್ಕ ಒಂದು ಉದ್ದನೆಯ ಪುಸ್ತಕ. ಎ, ಬಿ, ಸಿ ಪಾಳಿ, ಪಿಎಚ್, ಉಷ್ಣತೆ, ಅಮೋನಿಯಾ. ಎಂಪಿಎಂ ಕಾಗದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ತಾವು ಬರೆಯುತ್ತಿದ್ದ ರಿಜಿಸ್ಟರಿನಂತೆಯೇ ಗೆರೆ ಹಾಕಿಕೊಂಡಿದ್ದಾರೆ. ಕಾರ್ಖಾನೆ ನಿಂತು ವರ್ಷಗಳಾದವು. ಇಲ್ಲಿ ಮೂರೂ ಪಾಳಿ ಭಾವನದೇ. ಕೊನೆಯ ಅಂಕಣ ‘ಮೇಲ್ವಿಚಾರಕರ ಸಹಿ’ ಪುಟಪುಟವೂ ಖಾಲಿ.

ಪೆನ್ನು ನನ್ನ ಕಡೆ ಸರಿಸಿದರು. ಸಹಿ ಹಾಕಿದೆ. ದೀಪದ ಹತ್ತಿರ ಹಿಡಿದು ನೋಡಿ, ಪುಸ್ತಕವನ್ನು ನನಗೇ ವಾಪಸು ಕೊಟ್ಟರು.

“ಟೈಮ್ ಹಾಕಿಲ್ಲ ನೀನು.”