ಹಿಮದ ಹರಳಿನ ಭಾವಚಿತ್ರಕಾರ

ಅಮೆರಿಕದ ವರ್ಮಾಂಟ್ ಪ್ರಾಂತದ ಜೆರಿಕೊ ಗ್ರಾಮದಲ್ಲಿ, ಹಿಮ ಬೀಳತೊಡಗಿದೊಡನೆ ಇತರ ಕೃಷಿಕರೆಲ್ಲರೂ ಕದವಿಕ್ಕಿಕೊಂಡು ಅಗ್ಗಿಷ್ಟಿಕೆಯ ಸೇವೆಯಲ್ಲಿ ನಿರತರಾಗುತ್ತಿದ್ದಾಗ, ವಿಲ್ಸನ್ ಬೆಂಟ್ಲಿ ಎಂಬ ಮಹಾಶಯನೊಬ್ಬನು ಮಾತ್ರ ಕರಿಯ ಹಲಗೆಯೊಂದನ್ನು ಹಿಡಿದು, ಬೀಗರನ್ನು ಇದಿರ್ಗೊಳ್ಳುವ ಮದುವೆಮನೆಯ ಯಜಮಾನನ ಸಂಭ್ರಮದಿಂದ ಅಂಗಳಕ್ಕೆ ಧಾವಿಸುತ್ತಿದ್ದನು. ಅತಿಥಿಗಳಾದರೋ ಆಕಾಶದಿಂದಿಳಿಯುವ ಹಿಮದ ಹರಳುಗಳು. ‘ಸ್ವಲ್ಪ ನಗಿ’ ಎನ್ನುವಷ್ಟರಲ್ಲಿ ಆ ಉಸಿರಿಗೇ ಕರಗಿಹೋಗುವ ಸುಕುಮಾರ ಜಾತಿ. ಆದುದರಿಂದ ಬೆಂಕಿಯಿಲ್ಲದ ಕೊಠಡಿಯೇ ಅವನ ಚಿತ್ರಶಾಲೆ. ಕುಂಭಕ ಪ್ರಾಣಾಯಾಮವೇ ಅಲ್ಲಿಯ ಪ್ರಥಮ ಶಿಷ್ಟಾಚಾರ. ಹರಳನ್ನು ಕಡ್ಡಿಯಿಂದೆತ್ತಿ, ಗಾಜಿನ ಮೇಲಿರಿಸಿ, ಹಕ್ಕಿಯ ಗರಿಯಿಂದ ಮೆಲ್ಲನೊತ್ತಿ ಮಲಗಿಸಿ, ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಕ್ಯಾಮರಾದಿಂದ ಅವನು ಮೊದಲ ಚಿತ್ರವನ್ನು ಸೆರೆಹಿಡಿದುದು 1885ರ ಜನವರಿ 15ರಂದು, ತನ್ನ 19ನೆಯ ವಯಸ್ಸಿನಲ್ಲಿ. ಹಸುಗಳಿರುವ ಮನೆಯಲ್ಲಿ ಇದೇನು ಹುಚ್ಚಾಟವೆಂದು ತಂದೆಗೆ ಅನ್ನಿಸಿತಂತೆ. ಯಾವ ದೇಶದ ತಂದೆಗೆ ತಾನೆ ಅನ್ನಿಸದು?

ಹರಳಿನ ಆರು ತೋಳುಗಳೂ ಮೋಡದೊಳಗೆ ಒಂದೇ ಹಾದಿಯ ಶೈತ್ಯವನ್ನೂ ತೇವವನ್ನೂ ಉಂಡು ಬೆಳೆಯುವುದರಿಂದ ಪರಸ್ಪರ ಹೋಲುತ್ತವೆ. ಆದರೂ ಅನೇಕವು ವಕ್ರಾಂಗಗಳು, ಭಗ್ನಬಾಹುಗಳು. ನಮ್ಮ ಬೆಂಟ್ಲಿಯು ಕನ್ಯಾನ್ವೇಷಣೆಯ ಕಟ್ಟುನಿಟ್ಟಿನಿಂದ ಸರ್ವಾಂಗಸುಂದರಿಯರನ್ನೇ ಆರಿಸುತ್ತಿದ್ದನು. ಸಾಲದೆಂಬಂತೆ ನೆಗೆಟಿವ್‌ನ ಹಿನ್ನೆಲೆಯನ್ನು ಚೂರಿಯಿಂದ ಕೆರೆದು, ಅಂಚುಗಳನ್ನು ಸ್ಫುಟಗೊಳಿಸುತ್ತಿದ್ದನು. ಜರ್ಮನಿಯ ಹೆಲ್‌ಮನ್ ಎಂಬ ಪಂಡಿತರು ಇದಕ್ಕೆ ಆಕ್ಷೇಪವೆತ್ತಿದರು. ಸುಂದರಿಯರ ಭಾವಚಿತ್ರಕ್ಕೆ ಒಪ್ಪ ಹಾಕುವುದು ವಿಜ್ಞಾನದಲ್ಲಿ ಅಪರಾಧವೆಂಬುದು ಅವರ ಮತ. ಹೀಗೆ 5000ಕ್ಕೂ ಮಿಕ್ಕ ಚಿತ್ರಗಳನ್ನು ತೆಗೆದ ಬೆಂಟ್ಲಿಯು, ಒಂದರಂತೆ ಇನ್ನೊಂದಿಲ್ಲವೆಂದು ಸಾರಿದನು. ಮೂಲಪ್ರತಿಗಳೆಲ್ಲವೂ ಅದಾಗಲೇ ನೀರಾಗಿ ಹರಿದುಹೋಗಿದ್ದುದರಿಂದ, ತಾಳೆನೋಡುವ ಪ್ರತಿವಾದಿಗಳಿಗೆ ಅವಕಾಶವೇ ಉಳಿಯಲಿಲ್ಲ.